ಎಲ್ಲರೂ ಆಡುವ ಪೀರಿಯಡ್

ನಮ್ಮ ಕ್ಲಾಸಿಗೆ ಆಟದ ಪೀರಿಯಡ್ ಬಂತೆಂದರೆ ಇಬ್ಬರ ಕೆಲಸ ಮೊದಲೇ ಗೊತ್ತಿರುತ್ತಿತ್ತು. ಒಬ್ಬಳು ಸ್ಕೋರ್ ಬರೆಯಬೇಕು. ಇನ್ನೊಬ್ಬ ಎಲ್ಲರ ಬ್ಯಾಗು, ವಾಚು, ಕನ್ನಡಕ ನೋಡಿಕೊಳ್ಳಬೇಕು. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಮೇಲೆ ಹಿಡಿತ ಕಡಿಮೆ. ಊರುಗೋಲು ಹಿಡಿದು ನಡೆಯುತ್ತಾಳೆ, ದೂರ ಹೋಗುವುದಿದ್ದರೆ ವೀಲ್‌ಚೇರ್ ಬಳಸುತ್ತಾಳೆ. ಅವನಿಗೆ ಹುಟ್ಟಿನಿಂದಲೂ ದೃಷ್ಟಿ ಬಹಳ ಕಡಿಮೆ. ಎದುರಿಗೆ ಬಂದವರು ಯಾರು ಅಂತ ದನಿ ಕೇಳಿದ ಮೇಲೇ ಗೊತ್ತಾಗುವುದು. ಅವರಿಗೆ ಆಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದು ಕರೆದೂ ಇರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದುಕೊಂಡು ಬಂದಿತ್ತು.

ಆರೋಗ್ಯ ಮತ್ತು ಸಮಾಜ ಎಂಬ ವಿಷಯದ ಮೇಲೆ ಗುಂಪು ಪ್ರಾಜೆಕ್ಟ್ ಮಾಡಿ ಎಂದು ಮೇಡಂ ಹೇಳಿದಾಗ ನಮ್ಮ ಗುಂಪು ಪ್ಯಾರಾ ಕ್ರೀಡೆಗಳನ್ನು ಆರಿಸಿಕೊಂಡಿತು. ಅಂಗವೈಕಲ್ಯ ಇರುವವರು ಆಡಲು ಆಗುವಂತೆ ನಿಯಮ, ಸಲಕರಣೆ, ಅಂಗಳ ಹೊಂದಿಸಿಕೊಂಡ ಆಟಗಳನ್ನು ಕ್ಲಾಸಿಗೆ ತೋರಿಸಬೇಕು, ಸಾಧ್ಯವಾದರೆ ಆಡಿಸಬೇಕು ಎಂಬುದು ಯೋಚನೆ. ಆ ಇಬ್ಬರನ್ನೂ ಗುಂಪಿಗೆ ಕರೆದೆವು. ಅವನು ತಕ್ಷಣ ಒಪ್ಪಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಬಗ್ಗೆ ಪ್ರಾಜೆಕ್ಟ್ ಮಾಡೋದಾದ್ರೆ ನಾನು ಬರಲ್ಲ. ಆಟದ ಬಗ್ಗೆ ಮಾಡೋದಾದ್ರೆ ಬರ್ತೀನಿ" ಎಂದಳು.

ಈ ಒಂದು ಮಾತು ಆಮೇಲಿನ ಎಲ್ಲ ತೀರ್ಮಾನಗಳಿಗೂ ಅಳತೆಗೋಲಾಯಿತು. ಪೋಸ್ಟರಿನಲ್ಲಿ ಏನು ಬರೆಯಬೇಕು, ಯಾವ ಫೋಟೋ ಹಾಕಬೇಕು, ಯಾವ ವಿಡಿಯೋ ತೋರಿಸಬೇಕು ಎಂದು ಯೋಚಿಸುವಾಗಲೆಲ್ಲ ಇದನ್ನೇ ಕೇಳಿಕೊಂಡೆವು: ಇದು ಆಟದ ಬಗ್ಗೆ ಇದೆಯಾ, ಅಥವಾ ಯಾರನ್ನೋ ನೋಡಿ ಅಯ್ಯೋ ಅನ್ನಿಸುವುದಕ್ಕೆ ಇದೆಯಾ?

ಮೊದಲ ಚರ್ಚೆಯೇ ಜೋರಾಯಿತು. ನಮ್ಮಲ್ಲೊಬ್ಬಳು, ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಕಾರಿಡಾರಿನಲ್ಲಿ ನಡೆಸೋಣ, ಕಷ್ಟ ಏನಂತ ಅವರಿಗೂ ಅರ್ಥವಾಗಲಿ ಎಂದಳು. ಇಂಥ ಚಟುವಟಿಕೆ ಬಹಳ ಕಡೆ ಮಾಡಿಸುತ್ತಾರೆ. ಆದರೆ ಅವನು ಒಪ್ಪಲಿಲ್ಲ. "ಐದು ನಿಮಿಷ ಕಣ್ಣು ಕಟ್ಟಿದ್ರೆ ನಿಮಗೆ ಗೊತ್ತಾಗೋದು ಭಯ ಒಂದೇ. ನನಗೆ ಆ ಭಯ ಇಲ್ಲ. ಚಿಕ್ಕಂದಿನಿಂದ ಹೀಗೇ ಓಡಾಡ್ತಿದ್ದೀನಿ, ನನಗೆ ರೂಢಿ ಇದೆ. ನೀವು ಭಯಪಟ್ಟು ಬಂದು ನನ್ನ ಕೈ ಹಿಡ್ಕೊಂಡು ಪಾಪ ಅಂತೀರಿ" ಎಂದ. ಅಂಗವೈಕಲ್ಯ ಇರುವ ಎಷ್ಟೋ ಮಂದಿ ಈ ಬಗೆಯ ಅನುಕರಣೆಯನ್ನು ಟೀಕಿಸಿರುವುದು ಇದೇ ಕಾರಣಕ್ಕೆ ಎಂದು ಆಮೇಲೆ ಓದಿ ತಿಳಿದೆವು. ಹೊಸದಾಗಿ ಕಣ್ಣು ಕಟ್ಟಿಸಿಕೊಂಡವನಿಗೆ ತನ್ನ ಅಸಹಾಯಕತೆ ಕಾಣುತ್ತದೆ, ವರ್ಷಗಳ ಅಭ್ಯಾಸದಿಂದ ಬಂದ ಕೌಶಲ ಕಾಣುವುದಿಲ್ಲ. ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆವು.

ಪ್ಯಾರಾ ಆಟಗಾರರಿಗೆ ತರಬೇತಿ ಕೊಡುವ ಕೋಚ್ ಒಬ್ಬರು ಮೇಡಂಗೆ ಪರಿಚಯ. ಅವರೂ ವೀಲ್‌ಚೇರ್ ಬಳಸುತ್ತಾರೆ, ಹಿಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. ನಾವು ಬರೆದುಕೊಂಡು ಹೋಗಿದ್ದ ಉದ್ದನೆಯ ಪಟ್ಟಿ ನೋಡಿ, "ಇಷ್ಟೆಲ್ಲಾ ಬೇಡ. ಮೂರು ಆಟ ಆರಿಸ್ಕೊಳ್ಳಿ. ಅದನ್ನ ಸರಿಯಾಗಿ ಆಡಿಸಿ" ಎಂದರು. ಸದ್ದು ಕೇಳಿ ಚೆಂಡು ತಡೆಯುವ ಗೋಲ್‌ಬಾಲ್, ನೆಲದ ಮೇಲೆ ಕೂತು ಆಡುವ ಸಿಟ್ಟಿಂಗ್ ವಾಲಿಬಾಲ್, ಬಿಳಿ ಚೆಂಡಿನ ಹತ್ತಿರ ಬಣ್ಣದ ಚೆಂಡು ಕೂರಿಸುವ ಬೋಚಿಯಾ. ಈ ಮೂರಕ್ಕೂ ವಿಶೇಷ ಗಾಲಿಕುರ್ಚಿ ಬೇಕಿಲ್ಲ, ಜಾಗವೂ ಕಡಿಮೆ ಸಾಕು.

ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡಿಸಬೇಕೆಂಬ ಆಸೆ ನಮಗೆ ಬಹಳ ಇತ್ತು. ಆಸ್ಪತ್ರೆಯಲ್ಲಿ ಸಿಗುವ ಕುರ್ಚಿಗಳನ್ನೇ ನಾಲ್ಕು ತಂದರೆ ಆಗಲ್ವಾ ಸರ್ ಎಂದು ಕೇಳಿದೆ. ಅವರು ತಮ್ಮ ಆಟದ ಕುರ್ಚಿಯನ್ನು ಎಳೆದು ತೋರಿಸಿದರು. ಅದರ ಚಕ್ರಗಳು ನೆಟ್ಟಗೆ ನಿಂತಿಲ್ಲ. ಮೇಲ್ಭಾಗ ಒಳಗೆ ವಾಲಿಕೊಂಡು, ನೆಲದ ಹತ್ತಿರ ಅಗಲವಾಗಿ ಹರಡಿಕೊಂಡಿವೆ. ಹೀಗಿದ್ದರೆ ಕುರ್ಚಿ ಗಕ್ಕನೆ ತಿರುಗುತ್ತದೆ, ಪಕ್ಕಕ್ಕೆ ಸುಲಭವಾಗಿ ಉರುಳುವುದಿಲ್ಲ, ಎರಡು ಕುರ್ಚಿ ಡಿಕ್ಕಿಯಾದರೂ ಬೆರಳು ನಜ್ಜಾಗುವ ಅಪಾಯ ಕಡಿಮೆ. ಹಿಂದಕ್ಕೆ ಮಗುಚದಂತೆ ಬೆನ್ನ ಹಿಂದೆ ಪುಟ್ಟ ಚಕ್ರವೂ ಇದೆ. ಆಸ್ಪತ್ರೆಯ ಕುರ್ಚಿ ಇನ್ನೊಬ್ಬರು ತಳ್ಳಲೆಂದು ಮಾಡಿದ್ದು. ಅದರಲ್ಲಿ ಆಡಿಸಿದರೆ ಯಾರಿಗಾದರೂ ಏಟಾಗುತ್ತದೆ, ಆಟದ ಮೇಲೂ ತಪ್ಪು ಅಭಿಪ್ರಾಯ ಬರುತ್ತದೆ. ಅದಕ್ಕೇ ಬ್ಯಾಸ್ಕೆಟ್‌ಬಾಲನ್ನು ವಿಡಿಯೋದಲ್ಲಿ ತೋರಿಸುವುದಕ್ಕೆ ಇಟ್ಟುಕೊಂಡೆವು.

ಸಲಕರಣೆ ಹೊಂದಿಸುವುದೇ ದೊಡ್ಡ ಕೆಲಸವಾಯಿತು. ಗೋಲ್‌ಬಾಲಿನ ನಿಜವಾದ ಚೆಂಡು 1.25 ಕಿಲೋ ತೂಗುತ್ತದೆ. ಗಟ್ಟಿ ರಬ್ಬರಿನದು, ಒಳಗೆ ಗೆಜ್ಜೆಗಳಿರುತ್ತವೆ, ಸದ್ದು ಹೊರಬರಲು ಮೈಮೇಲೆ ಸಣ್ಣ ತೂತುಗಳಿರುತ್ತವೆ. ನಮಗೆ ಅದು ಸಿಗಲಿಲ್ಲ. ಕೋಚ್ ಹೇಳಿಕೊಟ್ಟಂತೆ ಹಳೆಯ ಬ್ಯಾಸ್ಕೆಟ್‌ಬಾಲಿನ ಗಾಳಿ ಸ್ವಲ್ಪ ಇಳಿಸಿ, ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲಗಳನ್ನು ಅದರ ಮೇಲೆ ಸಡಿಲವಾಗಿ ಸುತ್ತಿ ಟೇಪು ಹಾಕಿದೆವು. ಅವನು ಕಣ್ಣು ಮುಚ್ಚಿ ಕೂತು ಪರೀಕ್ಷೆ ಮಾಡಿದ. ಮೊದಲು ಬಿಗಿಯಾಗಿ ಸುತ್ತಿದ್ದು ಅವನಿಗೆ ಸಾಕಾಗಲಿಲ್ಲ. "ನಿಧಾನಕ್ಕೆ ಬಂದ್ರೆ ಕೇಳ್ಸಲ್ಲ. ಇನ್ನೊಂದು ಚೀಲ ಹಾಕಿ, ಸಡಿಲ ಬಿಡಿ" ಎಂದ. ಗೋಲ್‌ಬಾಲಿನಲ್ಲಿ ಜೋರಾಗಿ ಬರುವ ಚೆಂಡಿಗಿಂತ ಮೆಲ್ಲಗೆ ಉರುಳುವ ಚೆಂಡು ಒಮ್ಮೊಮ್ಮೆ ಹೆಚ್ಚು ಕಾಡುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ಅಂಗಳದ ಗೆರೆಗಳಿಗೆ ದಾರ ಬೇಕು. ಗೋಲ್‌ಬಾಲ್ ಆಡುವವರು ತಾವು ಎಲ್ಲಿದ್ದೇವೆ ಎಂದು ಕೈಯಿಂದ, ಕಾಲಿನಿಂದ ಮುಟ್ಟಿ ತಿಳಿಯುತ್ತಾರೆ. ಅದಕ್ಕಾಗಿ ಗೆರೆ ಎಳೆಯುವ ಕಡೆ ತೆಳ್ಳನೆಯ ಹುರಿ ಹಾಕಿ, ಮೇಲೆ ಟೇಪು ಅಂಟಿಸುತ್ತಾರೆ. ಅಂಗೈ ಇಟ್ಟರೆ ಸಣ್ಣ ಉಬ್ಬು ಸಿಗುತ್ತದೆ. ಪೂರ್ತಿ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಗೋಲು ಅಂಗಳದ ಅಗಲದಷ್ಟೇ, ಅಂದರೆ 9 ಮೀಟರ್, ಎತ್ತರ 1.3 ಮೀಟರ್. ನಮ್ಮ ಹಾಲ್ ಅಷ್ಟು ದೊಡ್ಡದಿರಲಿಲ್ಲ, ಎಲ್ಲವನ್ನೂ ಅಳತೆ ಇಳಿಸಿ ಮಾಡಿಕೊಂಡೆವು. ಮೊಣಕಾಲೂರಿ ಹುರಿ ಹಾಸುವ ಕೆಲಸ ಬೇಸರದ್ದು, ಆದರೆ ಅದಿಲ್ಲದೆ ಆಟವೇ ಇಲ್ಲ.

ಬೋಚಿಯಾ ಚೆಂಡು ಮಾತ್ರ ಕೈಯಲ್ಲಿ ಮಾಡಲು ಆಗಲಿಲ್ಲ. ಕಾಲುಚೀಲದಲ್ಲಿ ಮರಳು ತುಂಬಿ ಹೊಲಿದು ನೋಡಿದೆವು. ಎಸೆಯಲು ಚೆನ್ನಾಗಿತ್ತು, ಚೆಂಡು ಉರುಳಿಸಿ ಬಿಡುವ ಇಳಿಜಾರು ದೋಣಿಯ, ಅಂದರೆ ರ‍್ಯಾಂಪಿನ ಮೇಲೆ ಉರುಳಲಿಲ್ಲ. ಕೊನೆಗೆ ಕೋಚ್ ತಮ್ಮ ಒಂದು ಸೆಟ್ಟನ್ನೇ ಕೊಟ್ಟರು: 6 ಕೆಂಪು, 6 ನೀಲಿ, ಜ್ಯಾಕ್ ಎಂದು ಕರೆಯುವ 1 ಬಿಳಿ ಚೆಂಡು. ಒಂದೊಂದೂ ಸುಮಾರು 275 ಗ್ರಾಂ. ರ‍್ಯಾಂಪನ್ನು ನಾವೇ ಮಾಡಿದೆವು. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಚೆಂಡು ಕೂರುವಷ್ಟು ಅಗಲದ ಒಳ್ಳೆಯ ದೋಣಿ ಸಿಗುತ್ತದೆ. ಕೈಯಿಂದ ಎಸೆಯಲಾಗದ ಆಟಗಾರರು ಇಂಥ ರ‍್ಯಾಂಪಿನ ಮೇಲೆ ಚೆಂಡಿಟ್ಟು ಬಿಡುತ್ತಾರೆ. ಕೆಲವರು ತಲೆಗೆ ಕಟ್ಟಿದ ಅಥವಾ ಬಾಯಲ್ಲಿ ಹಿಡಿದ ಕಡ್ಡಿಯಿಂದ ತಳ್ಳುತ್ತಾರೆ. ಅವರ ಜೊತೆ ರ‍್ಯಾಂಪ್ ಹೊಂದಿಸಿಕೊಡುವ ಸಹಾಯಕರು ಇರುತ್ತಾರೆ. ಆ ಸಹಾಯಕರು ಅಂಗಳಕ್ಕೆ ಬೆನ್ನು ಹಾಕಿಯೇ ಕೂರಬೇಕು, ಆಟ ನೋಡುವಂತಿಲ್ಲ. ನನಗೆ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಇಷ್ಟವಾದ ನಿಯಮ ಇದು. ಸಹಾಯ ಬೇಕು ಎಂದಮಾತ್ರಕ್ಕೆ ತೀರ್ಮಾನವನ್ನೂ ಇನ್ನೊಬ್ಬರು ತೆಗೆದುಕೊಳ್ಳಬಾರದು ಎಂಬುದನ್ನು ಆ ನಿಯಮ ಎಷ್ಟು ಸರಳವಾಗಿ ಕಾಪಾಡುತ್ತದೆ ನೋಡಿ.

ಆಡಿಸುವ ಮೊದಲು ಕ್ಲಾಸಿನಲ್ಲಿ ಒಂದಿಷ್ಟು ಮಾತಾಡಬೇಕಿತ್ತು. ಇತಿಹಾಸದ ಭಾಗ ನನ್ನದು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಅಂಥವರು ಹಾಸಿಗೆಯಲ್ಲೇ ದಿನ ಎಣಿಸಬೇಕು ಎಂದುಕೊಂಡಿದ್ದ ಕಾಲದಲ್ಲಿ ಅವರು ಆಟವನ್ನು ಚಿಕಿತ್ಸೆಯ ಭಾಗ ಮಾಡಿದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಯಾಳುಗಳ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ 400 ಮಂದಿ ಸೇರಿದ ಕೂಟವನ್ನು ಈಗ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಲೆಕ್ಕ ಹಿಡಿಯುತ್ತಾರೆ. 2024ರ ಪ್ಯಾರಿಸ್ ಕೂಟದ ಹೊತ್ತಿಗೆ 22 ಕ್ರೀಡೆಗಳು, 549 ಪದಕ ಸ್ಪರ್ಧೆಗಳು. ಗೋಲ್‌ಬಾಲ್ ಕೂಡ ಯುದ್ಧದ ನಂತರದ್ದೇ. ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಆಟ ಅದು. ಬೇರೆ ಆಟದಿಂದ ಎರವಲು ತಂದದ್ದಲ್ಲ, ಕಾಣದವರಿಗೆಂದೇ ಹುಟ್ಟಿದ್ದು.

ಅಂಗವೈಕಲ್ಯ ಅಂದಕೂಡಲೇ ಎಲ್ಲರ ಮನಸ್ಸಿಗೂ ಬರುವುದು ವೀಲ್‌ಚೇರ್ ಒಂದೇ. ಅದಕ್ಕೇ ಒಂದು ವಿಷಯವನ್ನು ಒತ್ತಿ ಹೇಳಿದೆ. ಕಿವಿ ಕೇಳದವರ ಅಂತರರಾಷ್ಟ್ರೀಯ ಕ್ರೀಡಾಕೂಟ 1924ರಲ್ಲೇ ಪ್ಯಾರಿಸ್‌ನಲ್ಲಿ ನಡೆದಿತ್ತು, ಗುಟ್‌ಮನ್ ಅವರ ಕೂಟಕ್ಕಿಂತ ಎಷ್ಟೋ ಮೊದಲು. ಈಗ ಅದನ್ನು ಡೆಫ್ಲಿಂಪಿಕ್ಸ್ ಎನ್ನುತ್ತಾರೆ. ಅಲ್ಲಿ ಓಟದ ಶುರುವಿಗೆ ಗುಂಡಿನ ಸದ್ದಿನ ಬದಲು ದೀಪ ಬೆಳಗುತ್ತದೆ. ಬೌದ್ಧಿಕ ಅಂಗವೈಕಲ್ಯ ಇರುವವರಿಗೆ 1968ರಲ್ಲಿ ಷಿಕಾಗೋದಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್ ಇದೆ. ಅವರ ಯೂನಿಫೈಡ್ ಸ್ಪೋರ್ಟ್ಸ್‌ನಲ್ಲಿ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುತ್ತಾರೆ. ನಮ್ಮ ಪ್ರಾಜೆಕ್ಟಿಗೆ ಧೈರ್ಯ ಕೊಟ್ಟದ್ದು ಈ ಕೊನೆಯ ಸಂಗತಿ.

ಪೋಸ್ಟರಿನ ವಿಚಾರಕ್ಕೆ ಒಂದು ಜಗಳವೂ ಆಯಿತು. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿ ಕಡಿಮೆ ಇರುವವರ 1500 ಮೀಟರ್ ಓಟವನ್ನು ಅಲ್ಜೀರಿಯಾದ ಅಬ್ದೆಲ್‌ಲತೀಫ್ ಬಾಕಾ 3 ನಿಮಿಷ 48.29 ಸೆಕೆಂಡಿನಲ್ಲಿ ಗೆದ್ದರು. ಅದೇ ವರ್ಷ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರ ಸಮಯ 3 ನಿಮಿಷ 50 ಸೆಕೆಂಡ್. ಇದನ್ನು ದೊಡ್ಡ ಅಕ್ಷರದಲ್ಲಿ ಹಾಕೋಣ, ಎಲ್ಲರೂ ಬೆರಗಾಗ್ತಾರೆ ಎಂದ ಒಬ್ಬ ಗೆಳೆಯ. ಅಂಕಿ ನಿಜ. ಆದರೆ ಆ ಒಲಿಂಪಿಕ್ ಓಟ ಲೆಕ್ಕಾಚಾರದ ಓಟ. ಎಲ್ಲರೂ ನಿಧಾನವಾಗಿ ಓಡಿ ಕೊನೆಯ ಸುತ್ತಿಗೆ ಶಕ್ತಿ ಉಳಿಸಿಕೊಂಡಿದ್ದರು. ಬಾಕಾ ಅವರ ಗೆಲುವು ದೊಡ್ಡದಾಗಲು ಒಲಿಂಪಿಕ್ಸ್ ಜೊತೆ ತೂಗಬೇಕಾಗಿಲ್ಲ ಎಂಬುದು ನನ್ನ ವಾದ. ಅವರು ತಮ್ಮ ಜೊತೆ ಓಡಿದವರನ್ನು ಸೋಲಿಸಿದರು, ಅಷ್ಟು ಸಾಕಲ್ವಾ? ಪ್ಯಾರಾ ಕ್ರೀಡೆಯನ್ನು ಸಾಮಾನ್ಯ ಕ್ರೀಡೆಗೆ ಹೋಲಿಸಿ ಮಾತ್ರ ಮೆಚ್ಚುವ ರೂಢಿ ನಮ್ಮಿಂದ ಬೆಳೆಯುವುದು ಬೇಡ ಎಂದು ಆ ಪೋಸ್ಟರನ್ನು ಬಿಟ್ಟೆವು. ಅದರ ಜಾಗಕ್ಕೆ ವರ್ಗೀಕರಣದ, ಅಂದರೆ ಆಟಗಾರರನ್ನು ಅವರ ಅಂಗವೈಕಲ್ಯದ ಪ್ರಮಾಣ ನೋಡಿ ವಿಂಗಡಿಸುವ ಪದ್ಧತಿಯ ಪೋಸ್ಟರ್ ಬಂತು.

ವರ್ಗೀಕರಣವನ್ನು ವಿವರಿಸುವ ಕೆಲಸ ಅವಳು ತೆಗೆದುಕೊಂಡಳು. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲನ್ನೇ ಉದಾಹರಣೆ ಕೊಟ್ಟಳು. ಬುಟ್ಟಿಯ ಎತ್ತರ ಅದೇ 3.05 ಮೀಟರ್, ಅಂಗಳದ ಅಳತೆಯೂ ಅದೇ. ಪ್ರತಿ ಆಟಗಾರರಿಗೂ ದೇಹದ ಚಲನೆಯ ಮೇಲೆ 1.0ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಸೊಂಟದ ಮೇಲೆ ಹಿಡಿತವೇ ಇಲ್ಲದವರಿಗೆ 1, ತೀರಾ ಕಡಿಮೆ ತೊಂದರೆ ಇರುವವರಿಗೆ 4.5. ಅಂಗಳದಲ್ಲಿರುವ ಐವರ ಅಂಕ ಸೇರಿಸಿದರೆ 14 ದಾಟಬಾರದು. "ಅಂದ್ರೆ ಚೆನ್ನಾಗಿ ಚಲಿಸೋರನ್ನೇ ಐದು ಜನ ಇಳಿಸೋ ಹಾಗಿಲ್ಲ. ಕಡಿಮೆ ಅಂಕದೋರು ತಂಡಕ್ಕೆ ಬೇಕೇ ಬೇಕು. ಅವರು ಇಲ್ಲದೆ ಲೆಕ್ಕ ಕೂಡಲ್ಲ" ಎಂದು ಬೋರ್ಡಿನ ಮೇಲೆ ಅಂಕ ಬರೆದು ಕೂಡಿಸಿ ತೋರಿಸಿದಳು. ಹಿಂದಿನ ಬೆಂಚಿನವರೂ ತಂಡ ಕಟ್ಟಲು ಶುರು ಮಾಡಿದರು. ಎರಡು 4.5 ಹಾಕಿದರೆ ಉಳಿದದ್ದು 5, ಅದರಲ್ಲಿ ಮೂವರನ್ನು ಹೇಗೆ ಕೂರಿಸುವುದು? ಯಾರೂ ಅವಳನ್ನು ಪಾಪ ಎಂದು ನೋಡುತ್ತಿರಲಿಲ್ಲ. ಲೆಕ್ಕದಲ್ಲಿ ಮುಳುಗಿದ್ದರು.

ಒಬ್ಬ ಎದ್ದು ನಿಂತು, "ನಿಯಮನೇ ಬದಲಿಸಿಬಿಟ್ರೆ ಅದು ನಿಜವಾದ ಆಟ ಹೇಗಾಗುತ್ತೆ?" ಎಂದ. ಒಳ್ಳೆಯ ಪ್ರಶ್ನೆ. ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕೇಳಿದ್ದಕ್ಕೆ ನನಗೆ ಖುಷಿಯಾಯಿತು. ಉತ್ತರವಾಗಿ ನಾನು ಕುಸ್ತಿಯಲ್ಲಿ ತೂಕದ ವಿಭಾಗ ಯಾಕಿದೆ ಎಂದು ಕೇಳಿದೆ. ವಾಲಿಬಾಲ್ ನೆಟ್ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್ ಯಾಕಿದೆ? ನಿಯಮಗಳನ್ನು ಆಡುವವರಿಗೆ ತಕ್ಕಂತೆ ಹೊಂದಿಸುವ ಪದ್ಧತಿ ಎಲ್ಲ ಆಟಗಳಲ್ಲೂ ಮೊದಲಿನಿಂದ ಇದೆ. ಕೆಲವರಿಗಾಗಿ ಹೊಂದಿಸಿದಾಗ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಇನ್ನು ಕೆಲವರಿಗಾಗಿ ಹೊಂದಿಸಿದಾಗ ಮಾತ್ರ ಎದ್ದು ಕಾಣುತ್ತದೆ.

ಆಟದ ದಿನ ಮೊದಲು ಗೋಲ್‌ಬಾಲ್. ಒಂದು ಬದಿಗೆ ಮೂವರು. ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ, ಅವನಿಗೂ ಸೇರಿ. ಇಲ್ಲಿ ಕಣ್ಣಿನ ಪಟ್ಟಿ ಆಟದ ಸಲಕರಣೆ ಅಷ್ಟೇ. ದೃಷ್ಟಿ ಪೂರ್ತಿ ಇಲ್ಲದವರು, ಸ್ವಲ್ಪ ಇರುವವರು ಎಲ್ಲರೂ ಒಂದೇ ಸಮ ಆಗಲಿ ಎಂದು ಅಧಿಕೃತ ಪಂದ್ಯದಲ್ಲೂ ಎಲ್ಲರೂ ಕಟ್ಟಿಕೊಳ್ಳಲೇಬೇಕು. ಪಟ್ಟಿ ಕಟ್ಟುವ ಮೊದಲೇ ಪ್ರತಿಯೊಬ್ಬರೂ ಅಂಗಳದಲ್ಲಿ ಓಡಾಡಿ, ಹುರಿಯ ಗೆರೆ ಮುಟ್ಟಿ ನೋಡಿಕೊಳ್ಳುವಂತೆ ಮಾಡಿದ್ದೆವು. ಅಂಬೆಗಾಲಿಟ್ಟು ಗೆರೆ ಹುಡುಕುವುದನ್ನು ಅವನೇ ಹೇಳಿಕೊಟ್ಟ.

ಗೋಲ್‌ಬಾಲ್ ನೋಡುವವರು ಸುಮ್ಮನಿರಬೇಕು. ಚೆಂಡು ಆಟದಲ್ಲಿರುವಷ್ಟು ಹೊತ್ತು ಪಿಟಕ್ ಅನ್ನುವಂತಿಲ್ಲ, ಗೋಲಾದ ಮೇಲೆ ಕೂಗಬಹುದು. ನಮ್ಮ ಕ್ಲಾಸಿಗೆ ಇದೇ ಎಲ್ಲಕ್ಕಿಂತ ಕಷ್ಟದ ನಿಯಮ. ಮೊದಲ ಕೆಲವು ಎಸೆತಗಳಲ್ಲಿ ಯಾರೋ ಪಿಸುಗುಟ್ಟುವರು, ಯಾರೋ ಕುರ್ಚಿ ಎಳೆಯುವರು, ಚೆಂಡು ಹಿಡಿಯಬೇಕಾದವರು ತಬ್ಬಿಬ್ಬಾಗುವರು. ಅವನು ಪಟ್ಟಿಯ ಮೇಲೇ ಕೈಯಿಟ್ಟು, "ನೀವು ಮಾತಾಡಿದ್ರೆ ನನಗೆ ಅಡ್ಡ ನಿಂತ ಹಾಗೆ" ಎಂದ. ಆಮೇಲೆ ಹಾಲ್ ನಿಜವಾಗಿ ಸುಮ್ಮನಾಯಿತು. ಚೀಲದ ಸರಸರ ಮಾತ್ರ ಕೇಳಿಸುತ್ತಿತ್ತು.

ಅವನು ಆಡುವುದನ್ನು ಹತ್ತಿರದಿಂದ ನೋಡಿದೆ. ಚೆಂಡು ಎದುರಿನವರ ಕೈ ಬಿಟ್ಟ ಕೂಡಲೇ ತಲೆ ಸ್ವಲ್ಪ ಓರೆಯಾಗುತ್ತದೆ. ಒಂದು ಕ್ಷಣ ಅಲುಗಾಡುವುದಿಲ್ಲ. ಆಮೇಲೆ ಒಮ್ಮೆಗೇ ಇಡೀ ಮೈಯನ್ನು ಪಕ್ಕಕ್ಕೆ ಚಾಚಿ ಬೀಳುತ್ತಾನೆ, ಕೈ ತಲೆಯ ಮೇಲಕ್ಕೆ, ಕಾಲು ಉದ್ದಕ್ಕೆ, ಮುಖ ಹಿಂದಕ್ಕೆ. ಚೆಂಡು ಹೊಟ್ಟೆಗೆ ಬಡಿಯುತ್ತದೆ. ಉಳಿದವರು ಚೆಂಡು ಬಂದ ಮೇಲೆ ಹುಡುಕುತ್ತಿದ್ದರು, ಇವನು ಬರುವ ಮೊದಲೇ ಅಲ್ಲಿರುತ್ತಿದ್ದ. ಆದರೆ ಎಸೆಯುವುದು ಅವನಿಗೂ ಹೊಸದು. ಚೆಂಡು ಕೈಗೆ ಬಂದ 10 ಸೆಕೆಂಡಿನೊಳಗೆ ನೆಲಕ್ಕೆ ತಾಗುವಂತೆ ಎಸೆಯಬೇಕು. ಆ ಗಡಿಬಿಡಿಯಲ್ಲಿ ಪದೇ ಪದೇ ಅಂಗಳದ ಹೊರಗೆ ಎಸೆದ. ಅವನ ತಂಡದವರು, "ಏ ನೋಡ್ಕೊಂಡು ಎಸಿಯೋ" ಎಂದು ಬೈದರು. ಬಾಯಿ ತಪ್ಪಿ ಬಂದ ಮಾತಿಗೆ ಅವರೇ ನಾಲಗೆ ಕಚ್ಚಿಕೊಂಡರು, ಅವನು ಬಿದ್ದು ಬಿದ್ದು ನಕ್ಕ. ಅಲ್ಲಿಂದ ಮುಂದೆ ಯಾರೂ ಅವನ ಜೊತೆ ಮಾತು ಅಳೆದು ತೂಗಿ ಆಡಲಿಲ್ಲ.

ಸಿಟ್ಟಿಂಗ್ ವಾಲಿಬಾಲ್‌ಗೆ ಬ್ಯಾಡ್ಮಿಂಟನ್ ನೆಟ್ಟನ್ನೇ ಇಳಿಸಿ ಕಟ್ಟಿದ್ದೆವು. ಅಧಿಕೃತ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಅಂಗಳ 10 ಮೀಟರ್ ಉದ್ದ, 6 ಮೀಟರ್ ಅಗಲ. ಚೆಂಡು ಮುಟ್ಟುವಾಗ ಸೊಂಟದ ಕೆಳಗಿನಿಂದ ಭುಜದವರೆಗಿನ ಮೈಯ ಯಾವುದಾದರೂ ಭಾಗ ನೆಲಕ್ಕೆ ತಾಗಿರಬೇಕು. ಎದ್ದರೆ ಸಾಮಾನ್ಯವಾಗಿ ಫೌಲ್. ಸರ್ವೀಸನ್ನು ನೆಟ್ಟಿನ ಹತ್ತಿರವೇ ತಡೆಯಲು ಇಲ್ಲಿ ಅವಕಾಶ ಇದೆ, ಹಾಗಾಗಿ ಆಟ ಬಹಳ ಚುರುಕು. ನಮ್ಮ ಕ್ಲಾಸಿನ ವಾಲಿಬಾಲ್ ತಂಡದ ನಾಯಕ ಎತ್ತರದ ಹುಡುಗ. ಪ್ರತಿ ಚೆಂಡಿಗೂ ಅವನ ಸೊಂಟ ತಾನಾಗಿಯೇ ಮೇಲೇಳುತ್ತಿತ್ತು. ಅಂಗೈ ಊರಿ ಜಾರುವುದು, ಅದೇ ಅಂಗೈ ಎತ್ತಿ ಚೆಂಡು ಹೊಡೆಯುವುದು, ಎರಡೂ ಒಂದೇ ಸಲ ಬೇಕು. ಸ್ವಲ್ಪ ಹೊತ್ತಿಗೇ ಎಲ್ಲರ ತೋಳು ನೋಯತೊಡಗಿತು. ಅವನು, ದೃಷ್ಟಿ ಕಡಿಮೆ ಇರುವ ನಮ್ಮ ಗೆಳೆಯ, ಈ ಆಟಕ್ಕೆ ಬರಲಿಲ್ಲ. ಗಾಳಿಯಲ್ಲಿ ಬರುವ ಚೆಂಡು ಅವನಿಗೆ ಕಾಣುವುದಿಲ್ಲ, ಸುಮ್ನೆ ಹೆಸರಿಗೆ ಕೂರುವುದು ಇಷ್ಟವಿರಲಿಲ್ಲ. ಒಂದು ಹೊಂದಾಣಿಕೆ ಎಲ್ಲರಿಗೂ ಹೊಂದುವುದಿಲ್ಲ. ಅದಕ್ಕೇ ಆಟಗಳು ಹಲವು ಇರಬೇಕು.

ಬೋಚಿಯಾ ಅವಳ ಆಟ. ಬಿಳಿ ಚೆಂಡನ್ನು ಮೊದಲು ಎಸೆದು, ಆಮೇಲೆ ಅದಕ್ಕೆ ಆದಷ್ಟು ಹತ್ತಿರ ತಮ್ಮ ಬಣ್ಣದ ಚೆಂಡುಗಳನ್ನು ಕೂರಿಸಬೇಕು. ಯಾರ ಚೆಂಡು ದೂರ ಇದೆಯೋ ಅವರದೇ ಮುಂದಿನ ಸರದಿ. ಎದುರಾಳಿಯ ಚೆಂಡನ್ನು ಕುಕ್ಕಿ ಓಡಿಸಬಹುದು, ಬಿಳಿ ಚೆಂಡನ್ನೇ ತಳ್ಳಿ ಲೆಕ್ಕ ತಲೆಕೆಳಗು ಮಾಡಬಹುದು. ಎಲ್ಲರೂ ಕುರ್ಚಿಯ ಮೇಲೆ ಕೂತೇ ಆಡಿದೆವು. ಅವಳ ಎದುರಿಗೆ ವಾಲಿಬಾಲ್ ನಾಯಕ. ಅವಳ ಎಡಗೈ ಬಿಗಿ, ಬಲಗೈಯಿಂದ ಎಸೆಯುತ್ತಾಳೆ. ಕೈ ಒಮ್ಮೊಮ್ಮೆ ಅವಳ ಮಾತು ಕೇಳುವುದಿಲ್ಲ, ಅದಕ್ಕೇ ಉಸಿರು ಹಿಡಿದು, ಕೈ ಸಡಿಲವಾಗುವವರೆಗೆ ಕಾದು ಬಿಡುತ್ತಾಳೆ.

ಅರ್ಧ ಆಟವಾದಾಗ ವಾಲಿಬಾಲ್ ನಾಯಕ ತನ್ನ ಚೆಂಡನ್ನು ಬೇಕೆಂದೇ ದೂರ ಎಸೆದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವಳಿಗೆ ಗೊತ್ತಾಗಿಹೋಯಿತು. "ಸುಮ್ನೆ ಬಿಟ್ಕೊಡ್ತಿದ್ದೀಯಲ್ಲ, ನಾನು ಆಡಲ್ಲ" ಎಂದು ಕೈಯಲ್ಲಿದ್ದ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಲಿನಲ್ಲಿ ಎಲ್ಲರಿಗೂ ಮುಜುಗರ. ಅವನು ಕ್ಷಮೆ ಕೇಳಲು ಹೋದ. "ಸಾರಿ ಬೇಡ. ಸರಿಯಾಗಿ ಆಡು" ಎಂದಳು. ಅಲ್ಲಿಂದ ಅವನು ಕಾದಾಡಿದ. ಅವಳ ಎರಡು ಚೆಂಡುಗಳನ್ನು ಕುಕ್ಕಿ ಮೂಲೆಗೆ ಓಡಿಸಿದ. ಕೊನೆಯ ಸುತ್ತಿನಲ್ಲಿ ಕೆಂಪು ಹತ್ತಿರವೋ ನೀಲಿ ಹತ್ತಿರವೋ ಎಂದು ಇಬ್ಬರಿಗೂ ಜಗಳ ಹತ್ತಿತು. ಅಳತೆ ಟೇಪು ಬಂತು. ನಾನು ನೆಲಕ್ಕೆ ಕೆನ್ನೆ ತಾಗಿಸಿ ಅಳೆದೆ. ಅವನದೇ ಹತ್ತಿರ ಇತ್ತು. ಅವಳು ಒಪ್ಪದೆ ಇನ್ನೊಮ್ಮೆ ಅಳೆಸಿದಳು. ಸೋತಳು. ಆ ಸಂಜೆಯೆಲ್ಲ, ಬಿಳಿ ಚೆಂಡನ್ನು ಅಷ್ಟು ಹತ್ತಿರ ಎಸೆಯಬಾರದಿತ್ತು ಎಂದೇ ಹೇಳುತ್ತಿದ್ದಳು.

ಇಷ್ಟು ವರ್ಷದಲ್ಲಿ ಕ್ಲಾಸಿನ ಯಾರೂ ಅವಳ ಜೊತೆ ಜಗಳ ಆಡಿದ್ದನ್ನು ನಾನು ನೋಡಿರಲಿಲ್ಲ. ಎಲ್ಲರೂ ಅವಳಿಗೆ ಬಾಗಿಲು ತೆರೆಯುವವರು, ಬ್ಯಾಗು ಹಿಡಿಯುವವರು. ಅಂದು ಅವಳೊಬ್ಬ ಎದುರಾಳಿಯಾಗಿದ್ದಳು. ಸೇರಿಸಿಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಇದೇ. ಸೋಲಿಸುವುದಕ್ಕೂ, ಸೋತು ಸಿಟ್ಟಾಗುವುದಕ್ಕೂ ಜಾಗ ಇರಬೇಕು.

ಆಟದ ನಂತರ ಚೀಟಿ ಹಂಚಿದೆವು. ಹೇಗನ್ನಿಸಿತು ಎಂದು ಕೇಳಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು. ಹಾಗೆ ಕೇಳಿದರೆ ತುಂಬಾ ಚೆನ್ನಾಗಿತ್ತು, ಸ್ಫೂರ್ತಿ ಸಿಕ್ಕಿತು ಎಂದು ಬರೆದುಕೊಟ್ಟು ಹೋಗುತ್ತಾರೆ. ನಾವು ಕೇಳಿದ್ದು ಇಷ್ಟೇ: ಮುಂದಿನ ಆಟದ ಪೀರಿಯಡ್‌ನಲ್ಲಿ ಏನು ಬದಲಾಗಬೇಕು? ಉತ್ತರಗಳು ಬಹಳ ಬಗೆಯವು. ಗೋಲ್‌ಬಾಲ್ ಮತ್ತೆ ಬೇಕು ಎಂದವರು ಜಾಸ್ತಿ. ತಂಡ ಆರಿಸುವಾಗ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ನಿಲ್ಲಲಿ, ಕೊನೆಯಲ್ಲಿ ಉಳಿದವರಿಗೆ ಬೇಜಾರಾಗುತ್ತದೆ ಎಂದು ಒಬ್ಬರು ಬರೆದಿದ್ದರು. ಇನ್ನೊಂದು ಚೀಟಿಯಲ್ಲಿ, ನನಗೆ ಉಬ್ಬಸ ಇದೆ, ಓಡಿದರೆ ಉಸಿರು ಕಟ್ಟುತ್ತದೆ, ಯಾರಿಗೂ ಹೇಳಿಲ್ಲ, ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೂರುತ್ತೇನೆ, ಬೋಚಿಯಾ ಪ್ರತಿ ವಾರ ಇದ್ದರೆ ಆಡುತ್ತೇನೆ ಎಂದಿತ್ತು. ಹೆಸರಿರಲಿಲ್ಲ. ನಾವು ಇಬ್ಬರಿಗಾಗಿ ಹುಡುಕಿದ ಆಟ ಮೂರನೆಯವರೊಬ್ಬರಿಗೆ ಬೇಕಾಗಿತ್ತು.

ಆ ಚೀಟಿಗಳನ್ನು ಪಿ.ಟಿ. ಮೇಷ್ಟ್ರಿಗೆ ತೋರಿಸಿದೆವು. ಅವರು ಓದಿ, ನಾನು ಇದನ್ನೆಲ್ಲ ಕಲಿತಿಲ್ಲ, ಕಲಿಸಿಕೊಡಿ ಎಂದರು. ಕೋಚ್ ನಮಗೆ ಹೇಳಿಕೊಟ್ಟಿದ್ದ ಸ್ಟೆಪ್ ಎಂಬ ವಿಧಾನವನ್ನು ಅವರಿಗೆ ವಿವರಿಸಿದೆವು. ಯಾವ ಆಟವನ್ನಾದರೂ ನಾಲ್ಕು ಕಡೆಯಿಂದ ಹೊಂದಿಸಬಹುದು: ಜಾಗ, ಮಾಡಬೇಕಾದ ಕೆಲಸ, ಸಲಕರಣೆ, ಜನ. ಅಂಗಳ ಚಿಕ್ಕದು ಮಾಡಬಹುದು, ಚೆಂಡು ಒಮ್ಮೆ ನೆಲಕ್ಕೆ ಪುಟಿಯಲು ಬಿಡಬಹುದು, ಹಗುರ ಚೆಂಡು ಕೊಡಬಹುದು, ತಂಡದ ಸಂಖ್ಯೆ ಬದಲಿಸಬಹುದು. ಮೇಷ್ಟ್ರು ಮರುವಾರವೇ ಬ್ಯಾಡ್ಮಿಂಟನ್ ಪೀರಿಯಡ್‌ನಲ್ಲಿ ಅಂಗಳದ ಒಂದು ಬದಿ ಚಿಕ್ಕದು ಮಾಡಿ ಪ್ರಯೋಗ ಮಾಡಿದರು. ಈಗ ಸ್ಕೋರ್ ಬರೆಯುವ ಕೆಲಸ ಎಲ್ಲರಿಗೂ ಸರದಿಯ ಮೇಲೆ ಬರುತ್ತದೆ. ಅವಳು ಕೋಚ್ ಹತ್ತಿರ ಬೋಚಿಯಾ ಕಲಿಯಲು ಹೋಗುತ್ತಿದ್ದಾಳೆ. ಸ್ಪರ್ಧೆಗೆ ಇಳಿಯುವ ಮೊದಲು ವರ್ಗೀಕರಣದ ಪರೀಕ್ಷೆ ಆಗಬೇಕು.

ಎಲ್ಲವೂ ಸರಿಹೋಯಿತು ಎಂದಲ್ಲ. ಹಾಲಿನ ಬಾಗಿಲಿಗೆ ಒಂದು ಮೆಟ್ಟಿಲಿದೆ. ಆಟದ ದಿನ ನಾಲ್ವರು ಸೇರಿ ಅವಳ ವೀಲ್‌ಚೇರನ್ನು ಎತ್ತಿ ಒಳಗಿಟ್ಟೆವು. ಅವಳು ಏನೂ ಹೇಳಲಿಲ್ಲ, ಆದರೆ ಎತ್ತಿಸಿಕೊಳ್ಳುವಾಗ ಅವಳ ಮುಖ ಹೇಗಿತ್ತು ಎಂದು ನಮಗೆಲ್ಲ ಗೊತ್ತು. ಕ್ರೀಡೆಯಲ್ಲಿ ಸಮನಾಗಿ ಪಾಲ್ಗೊಳ್ಳುವುದು ಅಂಗವೈಕಲ್ಯ ಇರುವವರ ಹಕ್ಕು ಎಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ. ಶಾಲೆಯ ಆಟಪಾಠಗಳಲ್ಲಿ ಮಕ್ಕಳಿಗೆ ಸಮಾನ ಅವಕಾಶ ಇರಬೇಕೆಂಬ ಮಾತೂ ಅದರಲ್ಲೇ ಇದೆ. ಇದನ್ನೇ ಉಲ್ಲೇಖಿಸಿ ರ‍್ಯಾಂಪಿಗಾಗಿ ಮನವಿ ಬರೆದೆವು. ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್. ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು, ಅಂದರೆ ರ‍್ಯಾಂಪಿನ ಉದ್ದ 180 ಸೆಂಟಿಮೀಟರ್ ಇರಬೇಕು. ಬಾಗಿಲ ಮುಂದೆ ಅಷ್ಟು ಜಾಗ ಧಾರಾಳವಾಗಿದೆ ಎಂದು ಅಳೆದು ಚಿತ್ರ ಬರೆದು ಲಗತ್ತಿಸಿದೆವು. ಮುಂದೆ ನೋಡೋಣ ಎಂಬ ಉತ್ತರ ಬಂದಿದೆ. ನಾವು ಮತ್ತೆ ಕೇಳುತ್ತಿದ್ದೇವೆ.

ಮುಂದಿನ ವರ್ಷದ ವಿದ್ಯಾರ್ಥಿಗಳ ಗುಂಪೊಂದು ಇದೇ ಪ್ರಾಜೆಕ್ಟ್ ಮುಂದುವರಿಸುತ್ತೇವೆ ಎಂದಿದೆ. ಪೈಪಿನ ರ‍್ಯಾಂಪು, ಕಣ್ಣಿನ ಪಟ್ಟಿಗಳು, ಹುರಿಯ ಉಂಡೆ ಎಲ್ಲ ಅವರಿಗೆ ಕೊಟ್ಟೆವು. ಮೊದಲು ಅಂಗವೈಕಲ್ಯ ಇರುವ ಗೆಳೆಯರನ್ನು ಗುಂಪಿಗೆ ಕರೆಯಿರಿ, ವಿಷಯ ಆಮೇಲೆ ನಿರ್ಧರಿಸಿ ಎಂದು ಹೇಳಿದೆವು. ಪಟ್ಟಿಗಳನ್ನು ಪ್ರತಿ ಸಲ ಒಗೆಯಬೇಕು. ಚೆಂಡಿನ ಪ್ಲಾಸ್ಟಿಕ್ ಚೀಲ ಒಂದೇ ದಿನಕ್ಕೆ ಹರಿದುಹೋಗುತ್ತದೆ, ಆಟದ ನಡುವೆ ಬದಲಿಸಲು ಇನ್ನಷ್ಟು ಚೀಲ, ಟೇಪು ಪಕ್ಕದಲ್ಲಿಟ್ಟುಕೊಳ್ಳಬೇಕು. ಅವರು ಈ ಸಲ ವಿಡಿಯೋಗಳಿಗೆ ಬರಹದ ಸಾಲುಗಳನ್ನೂ ಹಾಕುವವರಿದ್ದಾರೆ, ಅವರ ಕ್ಲಾಸಿನಲ್ಲಿ ಕಿವಿ ಕೇಳದ ಹುಡುಗನಿದ್ದಾನೆ.